ಕಪಡೋಕಿಯಾದಿಂದ ಬಂದ ಮೇಲೆ

ಆಪಲ್ ಟೀ ಪರಿಮಳ ಬಂದರೆ ಈಗಲೂ ನನಗೆ ಸ್ವೀಡನ್ನಿನ ಉಪ್ಸಾಲಾದ ಆ ಭಾನುವಾರ ಮಧ್ಯಾಹ್ನ ನೆನಪಾಗುತ್ತದೆ. ನಾವು ಟರ್ಕಿಯ ಕಪಡೋಕಿಯಾ ನೋಡಿಕೊಂಡು ಬಂದಿದ್ದೆವು. ಅಲ್ಲಿಂದ ತಂದ ಟೀಯನ್ನು ಅಮ್ಮ, ಮನೆಗೆ ಬಂದಿದ್ದ ಅಪ್ಪನ ಗೆಳೆಯರಿಗೆ ಮಾಡಿಕೊಟ್ಟಳು. ಅಪ್ಪ ಲ್ಯಾಪ್‌ಟಾಪಿನಲ್ಲಿ ಬಂಡೆ ಕೊರೆದು ಮಾಡಿದ ಚರ್ಚುಗಳನ್ನೂ ಬಲೂನುಗಳನ್ನೂ ತೋರಿಸುತ್ತಿದ್ದರು.

"ನಿಮಗೇನು ಇಷ್ಟ ಆಯ್ತು?" ಎಂದು ಒಬ್ಬರು ಅಮ್ಮನನ್ನು ಕೇಳಿದರು.

"ಅಲ್ಲಿ ಗುಹೆಮನೇಲಿದ್ದ ಒಬ್ಬ ಅಜ್ಜಿ. ನಾವು ಹೊರಗೆ ನಿಂತು ನೋಡ್ತಿದ್ವಿ. ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗಿ, ಜಮಖಾನೆ ಮೇಲೆ ಕೂರಿಸಿ ಟೀ ಕೊಟ್ರು. ಇಲ್ಲಿಗೆ ಬಂದು ಎರಡು ವರ್ಷ ಆಯ್ತು, ಎದುರು ಮನೆಯವರ ಹೆಸರೂ ಗೊತ್ತಿಲ್ಲ."

ಅಪ್ಪ ಮುಂದಿನ ಫೋಟೋ ತೋರಿಸಲಿಲ್ಲ.

ಗೆಳೆಯರು ಹೋದ ಮೇಲೆ ಅಮ್ಮ ಒಂದು ತಟ್ಟೆ ಕೋಡುಬಳೆ ಹಿಡಿದು, ನನ್ನನ್ನೂ ಕರೆದುಕೊಂಡು ಹೋಗಿ ಎದುರು ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದ ಮುದುಕಿ ಸ್ವೀಡಿಷ್‌ನಲ್ಲಿ ಏನೋ ಅಂದರು.

"ಏನಂತಿದಾರೆ?" ಎಂದು ಅಮ್ಮ ನನ್ನನ್ನು ಕೇಳಿದಳು.

"ಚಪ್ಪಲಿ ಇಲ್ಲೇ ಬಿಟ್ಟು ಒಳಗೆ ಬರಬೇಕಂತೆ."