ಹನ್ನೊಂದು ವರ್ಷದ ಸಾಕ್ಷಿ

"ಹೆಲ್ಪರ್ ಅಷ್ಟೇ. ಬಂದು ಮೂರು ವರ್ಷ ಆಗಿರಬೇಕು. ಹಲ್ಲು ಕೂರಿಸೋದೆಲ್ಲ ನಾನೇ."

ಅಷ್ಟು ಹೇಳಿ ಅಕ್ಕ ಫೋನ್ ಇಟ್ಟಳು. ಮೂರು ಮಾತು, ಮೂರೂ ಸುಳ್ಳು. ವೀಸಾ ಕಚೇರಿಯಿಂದ ಎಂದು ಹೇಳಿಕೊಂಡವನು ಕೋರೆಯ ಬಗ್ಗೆ ವಿನಯದಿಂದಲೇ ವಿಚಾರಿಸಿದ್ದ. ಅವನ ಹಿಂದೆ ಯಾರೋ ಲೋಟ ತೊಳೆಯುವ ಸದ್ದು ಕೇಳಿಸುತ್ತಿತ್ತು.

ಗಾಜಿನ ಆಚೆ ಕೋರೆ ಮೇಣದ ಅಚ್ಚಿನ ಮೇಲೆ ಬಾಗಿದ್ದ. ಊರವರಿಗೆಲ್ಲ ನೆಟ್ಟಗೆ ಹಲ್ಲಿನ ಸೆಟ್ಟು ಮಾಡಿಕೊಡುವವನ ಬಾಯಲ್ಲೇ ಒಂದು ಕೋರೆಹಲ್ಲು ಹೊರಗೆ ಇಣುಕುತ್ತಿತ್ತು. ಹಾಗಾಗಿ ಆ ಹೆಸರು. ಅಕ್ಕನ ಹಲ್ಲಿನ ಲ್ಯಾಬಿಗೆ ಬಂದು ಹನ್ನೊಂದು ವರ್ಷ. ಡಾಕ್ಟರು ಕಳಿಸಿದ ಅಚ್ಚು ನೋಡಿಯೇ, ಈ ಯಜಮಾನರು ಎಡಗಡೆ ಅಗಿಯುತ್ತಾರೆ, ಈ ಅಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂದು ಹೇಳಿಬಿಡುತ್ತಿದ್ದ.

ಅಕ್ಕನ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಕಾಫಿ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವಳು ಹಲ್ಲೆಲ್ಲಿ ಕೂರಿಸಿಯಾಳು? ಕೋರೆ ಹೊರದೇಶಕ್ಕೆ ಹೋದ ಮರುದಿನವೇ ಬಾಗಿಲಿಗೆ ಬೀಗ. ಅದಕ್ಕೇ ಆ ಸುಳ್ಳು.

ಕೋರೆಗೂ ಬೇರೆ ದಾರಿಯಿರಲಿಲ್ಲ. ಹೆಂಡತಿ ಆ ದೇಶದಲ್ಲಿ ನರ್ಸ್ ಆಗಿ ಮೂರು ವರ್ಷ. ಅವಳ ವೀಸಾದಲ್ಲಿ ಗಂಡ, ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. "ದುಡ್ಡಿದ್ದೋರಿಗೆ ಹೂಡಿಕೆ ವೀಸಾ, ಕೈಯಲ್ಲಿ ಕಸುಬಿದ್ದೋರಿಗೆ ಕುಶಲಕರ್ಮಿ ವೀಸಾ. ನಿನಗಿರೋದು ಕಸುಬು" ಎಂದಿದ್ದನಂತೆ ಏಜೆಂಟ್. ಆದರೆ ನಲವತ್ತೈದು ತುಂಬಿದರೆ ಅರ್ಜಿ ಹಾಕುವಂತಿಲ್ಲ. ಕೋರೆಗೆ ಮುಂದಿನ ತಿಂಗಳೇ ನಲವತ್ತೈದು. ಇನ್ನೊಂದು ಮಾತನ್ನೂ ಏಜೆಂಟ್ ಹೇಳಿದ್ದ: ಅರ್ಜಿಯಲ್ಲಿ ಒಂದೇ ಒಂದು ಸುಳ್ಳು ಸಿಕ್ಕರೂ ಹತ್ತು ವರ್ಷ ಆ ದೇಶದ ಕಡೆ ತಲೆ ಹಾಕುವಂತಿಲ್ಲ.

ಅಕ್ಕನನ್ನು ಕೊರೆಯುತ್ತಿದ್ದದ್ದು ಇದೇ. ಅವನು ಹನ್ನೊಂದು ಎಂದು ಬರೆದಿರುತ್ತಾನೆ, ತಾನು ಮೂರು ಎಂದಿದ್ದೇನೆ. ನಿಜ ಬರೆದವನೇ ಸುಳ್ಳುಗಾರನಾಗುತ್ತಾನೆ.

ದಿನ ಕಳೆದಂತೆ ಕೋರೆಯ ಮಾತು ಕಡಿಮೆಯಾಯಿತು. ಯಾರಾದರೂ ಫೋನ್ ಮಾಡಿದ್ದರಾ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬಂದು ಎದುರಿಗೆ ನಿಂತ.

"ಅಕ್ಕಾ, ನಿಮಗೊಂದು ಮಾತು ಹೇಳ್ಬೇಕಿತ್ತು."

"ನಾನೇನೂ ಮಾಡಿಲ್ಲಪ್ಪ!"

"ಉಜ್ಜೋ ಚಕ್ರ ಸವೆದುಹೋಗಿದೆ, ಹೊಸದು ತರಿಸಿ ಅಂತ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಕ್ಕ ಅವತ್ತು ಒಂದರ ಬದಲು ಎರಡು ಚಕ್ರ ತರಿಸಿದಳು.

ಶಾಲೆಗೆ ರಜೆಯಿದ್ದ ದಿನ ಅವನ ಆರು ವರ್ಷದ ಮಗಳು ಲ್ಯಾಬಿಗೆ ಬಂದಳು. ಪ್ಲಾಸ್ಟರ್ ದವಡೆಗಳನ್ನೆಲ್ಲ ಸಾಲಾಗಿ ಜೋಡಿಸಿ ಆಡಿದಳು. ಆಮೇಲೆ ಅಕ್ಕನ ಮುಂದೆ ಬಾಯಿ ತೆರೆದು ನಿಂತಳು.

"ಅಜ್ಜೀ, ನಂಗೆ ಎರಡು ಹಲ್ಲು ಬಿದ್ದಿದೆ. ಅಲ್ಲಿಗೆ ಹೋದ್ರೆ ಅಮ್ಮ ನನ್ನ ಗುರುತು ಹಿಡೀತಾಳಾ?"

ಅಕ್ಕ ಅವಳ ಗಲ್ಲ ಸವರಿದಳು. ನಾಚಿಕೆಯಾಯಿತು. ಹಲ್ಲು ಮಾಡಿ ಬದುಕಿದವಳು ಒಂದು ಮಗುವಿನ ಬಾಯಿಗೇ ಮಣ್ಣು ಹಾಕಿದೆನಲ್ಲ ಎಂದು ಒಳಗೊಳಗೇ ಬೆಂದಳು. ಅಂಗಡಿ ಮುಚ್ಚಿದರೆ ಮುಚ್ಚಲಿ.

ಮರುದಿನ ಜೆರಾಕ್ಸ್ ಮೆಷಿನ್ನಿನಲ್ಲಿ ಕೋರೆ ಮರೆತುಬಿಟ್ಟ ಹಾಳೆ ಸಿಕ್ಕಿತು. ಅರ್ಜಿಯ ರಸೀದಿ. ಅದರಲ್ಲಿ ಅರ್ಜಿ ಸಂಖ್ಯೆಯಿತ್ತು, ಕೆಳಗೆ ವೀಸಾ ಕಚೇರಿಯ ಇಮೇಲ್ ವಿಳಾಸ. ಫೋನ್ ಬಂದದ್ದು ಮೂರನೇ ತಾರೀಖು. ಸಲ್ಲಿಸಿದ ದಿನ ಎಂಬಲ್ಲಿ ಅದೇ ತಿಂಗಳ ಹದಿನೆಂಟು ಎಂದಿತ್ತು. ಕಚೇರಿ ಅಂದಮೇಲೆ ಎಲ್ಲಾ ಕಡೆ ಒಂದೇ, ಮೊಹರು ಒತ್ತುವುದಕ್ಕೇ ಹದಿನೈದು ದಿನ ಎಂದು ಅಕ್ಕ ಬೈದುಕೊಂಡಳು.

ಕೋರೆ ಅಚ್ಚುಗಳನ್ನು ತರಲು ಹೊರಗೆ ಹೋದಾಗ ಕಂಪ್ಯೂಟರಿನ ಮುಂದೆ ಕೂತಳು. ನಡುಗುವ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು. 'ಇವರು ಹನ್ನೊಂದು ವರ್ಷದಿಂದ ನನ್ನ ಲ್ಯಾಬಿನಲ್ಲೇ ಇದ್ದಾರೆ. ಈ ಅವಧಿಯಲ್ಲಿ ಬೇರೆಲ್ಲೂ ಒಂದು ದಿನವೂ ದುಡಿದಿಲ್ಲ. ಇವರಂಥ ಕೈ ನಾನು ಕಂಡಿಲ್ಲ.' ಮಾತಿಗೆ ಆಧಾರ ಬೇಕಲ್ಲ? ಪ್ರತಿ ಪುಟದಲ್ಲೂ ಕೋರೆಯ ಸಹಿ ಇದ್ದ ನೂರ ಮೂವತ್ತೆರಡು ತಿಂಗಳ ಹಾಜರಿ ಹಾಳೆಗಳನ್ನು ಸ್ಕ್ಯಾನ್ ಮಾಡಿ ಸೇರಿಸಿದಳು. ಗಂಟೆಯೊಳಗೆ ಉತ್ತರ ಬಂತು: ನಿಮ್ಮ ದಾಖಲೆಗಳನ್ನು ಕಡತಕ್ಕೆ ಸೇರಿಸಲಾಗಿದೆ.

ಒಂದೂವರೆ ತಿಂಗಳ ಮೇಲೆ ಅಕ್ಕ ಅವತ್ತು ಹೊಟ್ಟೆತುಂಬ ಊಟ ಮಾಡಿದಳು.

ಮರುದಿನ ಬೆಳಿಗ್ಗೆ ಕೋರೆ ಕೆಲಸಕ್ಕೆ ಕೂರಲಿಲ್ಲ. ಸ್ಟೂಲು ಎಳೆದುಕೊಂಡು ಅಕ್ಕನ ಮೇಜಿನ ಮುಂದೆ ಬಂದ.

"ಮುಂದಿನ ವಾರ ತೀರ್ಮಾನ ಬರುತ್ತಂತೆ. ಮನಸ್ಸಲ್ಲಿ ಇಟ್ಕೊಂಡು ಹೋಗಬಾರದು, ಹೇಳಿಬಿಡ್ತೀನಿ. ಅವತ್ತು ನಿಮಗೆ ಫೋನ್ ಮಾಡಿದ್ದು ವೀಸಾ ಕಚೇರಿಯೋರಲ್ಲ. ನಮ್ಮ ಏಜೆಂಟು. ಅರ್ಜಿ ಹಾಕೋಕೆ ಮುಂಚೆ ಮಾಲೀಕರು ಏನು ಹೇಳ್ತಾರೆ ಅಂತ ಹಾಗೆ ಪರೀಕ್ಷೆ ಮಾಡ್ತಾನೆ."

ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. "ನಾನು ಹೇಳಿದ್ದು... ನಿನಗೆ ಅವತ್ತಿಂದಾನೂ ಗೊತ್ತಾ?"

"ಗೊತ್ತು. ಬೇಜಾರಾಗಿತ್ತು, ಇಲ್ಲ ಅನ್ನಲ್ಲ. ಈಗಿಲ್ಲ. ನಿಮ್ಮ ಕೈ ನಾನು ನೋಡಿಲ್ವಾ ಅಕ್ಕಾ?"

ಅಕ್ಕನ ಕಣ್ಣು ತುಂಬಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಎಲ್ಲವನ್ನೂ ಸರಿಮಾಡಿದ್ದೇನೆ ಎಂದು ಈಗಲೇ ಹೇಳಿಬಿಡಬೇಕು.

"ನೋಡು, ನಿನ್ನೆ ನಾನು..."

"ಬಿಡಿ ಅಕ್ಕಾ, ನಿಮಗೆ ಯಾವ ತೊಂದರೇನೂ ಬರಲ್ಲ." ಎಷ್ಟೋ ದಿನದ ಮೇಲೆ ಅವನು ಕೋರೆಹಲ್ಲು ಕಾಣುವ ಹಾಗೆ ನಕ್ಕ. "ಹನ್ನೊಂದು ವರ್ಷಾನೂ ನಮ್ಮ ಭಾವನ ಲ್ಯಾಬಲ್ಲೇ ದುಡಿದೆ ಅಂತ ಕಾಗದ ಮಾಡಿಸಿ ಹಾಕಿದೀವಿ. ಅರ್ಜೀಲಿ ನಿಮ್ಮ ಹೆಸರೇ ಇಲ್ಲ. ನೀವು ಯಾರು ಅಂತಾನೇ ಅವರಿಗೆ ಗೊತ್ತಿಲ್ಲ."