ಬೀಗ ಹಾಕಿದ ಬಾಗಿಲಿಗೆ ಹಾಜರಿ

"ಏನಮ್ಮಾ, ಬೀಗ ಹಾಕಿರೋ ಮನೆ ಕಾಯೋಕೆ ನಾನ್ ಸಾಲದಾ?" ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಮುರುಗೇಶ್ ಸೊಂಟದ ಮೇಲೆ ಕೈಯಿಟ್ಟು ಕೇಳಿದ. ಮೂರನೇ ಮಹಡಿಯ ಮನೆಯ ಹೊಸ್ತಿಲ ಮುಂದೆ ಸೆರಗು ಹೊದ್ದು ನಿಂಗವ್ವ ಕೂತಿದ್ದಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹೀಗೆ ಕೂತು ಇವತ್ತಿಗೆ ಮೂರು ದಿನ.

ಆ ಮನೆಯ ಎರಡು ವರ್ಷದ ಶರ್ವಾಣಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಮನೆಯವರು ಹತ್ತು ದಿನಕ್ಕೆಂದು ಹಾಸನಕ್ಕೆ ಹೋಗಿದ್ದರು. ಹೊರಡುವಾಗ ಮಗುವಿನ ತಾಯಿ ಶುಭಾ, "ಸಂಬಳ ಕಟ್ ಮಾಡಲ್ಲ ನಿಂಗವ್ವ" ಎಂದಷ್ಟೇ ಹೇಳಿ ಕಾರು ಹತ್ತಿದ್ದಳು. ನಿಂಗವ್ವ ಹಿಂದೆ ಕೆಲಸ ಮಾಡಿದ ಮನೆಯವರು ಟೂರಿಗೆ ಹೋದರೆ ಇವಳ ಪಗಾರಕ್ಕೇ ಕತ್ತರಿ ಬೀಳುತ್ತಿತ್ತು. ಈ ಬೆಂಗಳೂರಿನಲ್ಲಿ ಸುಮ್ಮಸುಮ್ಮನೆ ಯಾರು ಕೊಡುತ್ತಾರೆ? ಪಗಾರ ಉಂಟು ಅಂದಮೇಲೆ ಹಾಜರಿಯೂ ಉಂಟು ಎಂದು ಪುಣ್ಯಾತ್ಗಿತ್ತಿ ತಾನೇ ತೀರ್ಮಾನಿಸಿಕೊಂಡಿದ್ದಳು.

ಮುರುಗೇಶ್ ಸುಮ್ಮನಿರಲಿಲ್ಲ. ಶುಭಾಗೆ ಫೋನ್ ಹಚ್ಚಿ ನಿಂಗವ್ವನ ಕೈಗೆ ಕೊಟ್ಟ.

"ಅಯ್ಯೋ ದೇವ್ರೇ! ಮಗು ಇಲ್ಲಿ ನನ್ ಹತ್ರ ಇದೆ. ನೀವಲ್ಲಿ ಯಾರನ್ನ ನೋಡ್ಕೊಳ್ತಿದ್ದೀರಿ?"

"ಬಾಗಿಲಾ ನೋಡ್ಕೋತ ಕುಂತೀನ್ರೀ ಅಕ್ಕಾರ. ಕೆಲಸಿಲ್ಲ ಅಂತ ಮನ್ಯಾಗ ಮಲಗಿ ಪಗಾರ ತಗೊಂಡ್ರ ಹ್ಯಾಂಗ್ರೀ?"

ಶುಭಾಗೆ ನಗುವೂ ಬಂತು, ಅಳುವೂ ಬಂತು. "ನಮಗೋಸ್ಕರ ಬೇರೆ ಮನೆ ಒಪ್ಕೊಳ್ದೆ ಟೈಮ್ ಎತ್ತಿಟ್ಟಿದ್ದೀರಿ. ನಾವು ಊರಿಗೆ ಹೋದ್ರೆ ಅದು ನಿಮ್ ತಪ್ಪಾ? ನನ್ ಆಫೀಸಲ್ಲಿ ಕೆಲಸ ಕಮ್ಮಿ ಅಂತ ನನ್ ಸಂಬಳ ಹಿಡೀತಾರಾ? ಮೊದಲು ರೋಣಕ್ಕೆ, ಮಗಳ ಮನೆಗೆ ಹೋಗಿ, ಮೊಮ್ಮಗಳನ್ನ ನೋಡ್ಕೊಂಡ್ ಬನ್ನಿ. ಬಿಡಿಸಿ ಹೇಳ್ದೇ ಹೋಗಿದ್ದು ನನ್ನದೇ ತಪ್ಪು."

ಮೊಮ್ಮಗಳು! ನಿಂಗವ್ವನ ಮಗಳು ಅಕ್ಷಯಾಳ ಚೊಚ್ಚಲ ಬಾಣಂತನ ತಾಯಿಯ ಕೈಯಲ್ಲಿ ಆಗಬೇಕಿತ್ತು. ಪಗಾರ ತಪ್ಪೀತೆಂದು ಇವಳು ಹೋಗಲಿಲ್ಲ. ಎಲ್ಲವೂ ಮಗಳ ಅತ್ತೆಯ ಮನೆಯಲ್ಲೇ ಮುಗಿಯಿತು. ಕೂಸಿಗೆ ಮೂರು ತಿಂಗಳಾದರೂ ಇವಳು ಕಂಡಿದ್ದು ಫೋನಿನಲ್ಲಷ್ಟೇ.

"ನಡುವ ಕರದ್ರ ಏನ್ ಮಾಡ್ಲ್ರೀ?"

"ಕರೆಯಲ್ಲ. ಬರೋ ಬುಧವಾರ ನಾವು ಬರ್ತೀವಿ, ನೀವು ಗುರುವಾರ ಬನ್ನಿ. ಅದಕ್ಕೆ ಮುಂಚೆ ಬಂದ್ರೆ ಮುರುಗೇಶ್ ಗೇಟೇ ತೆಗೆಯಲ್ಲ, ನೋಡಿ ಮತ್ತೆ!"

"ನಿಮ್ಮ ಹೊಟ್ಟಿ ತಣ್ಣಗಿರಲ್ರೀ ಅಕ್ಕಾರ" ಎನ್ನುವಷ್ಟರಲ್ಲಿ ನಿಂಗವ್ವನಿಗೆ ಅಳು ನುಗ್ಗಿ ಬಂತು. ಫೋನ್ ತಿರುಗಿ ಇಸಿದುಕೊಂಡ ಮುರುಗೇಶ್ ಪಾಪ, ಲಿಫ್ಟಿನ ಕಡೆ ಮುಖ ಮಾಡಿ ನಿಂತ. ಸಂಜೆ ಅವಳು ಯಶವಂತಪುರದಲ್ಲಿ ರೈಲು ಹತ್ತಿದಳು.

ಮರುದಿನ ಮಧ್ಯಾಹ್ನ ಶುಭಾಗೆ ರೋಣದಿಂದ ಫೋನ್ ಬಂತು. ಅತ್ತ ಕಡೆ ಕೂಸು ಕಿರುಚುತ್ತಿತ್ತು. ಅದರ ಗದ್ದಲದ ಮೇಲೆ ನಿಂಗವ್ವನ ದನಿ:

"ಹದಿನಾಲ್ಕು ವರ್ಷ ಮಂದಿ ಕೂಸುಗಳನ್ನ ಎತ್ತೀನ್ರೀ ಅಕ್ಕಾರ. ಪಗಾರ ತಗೊಂಡು ನಮ್ಮ ಕೂಸನ್ನ ಎತ್ತಿದ್ದು ಇದ ಮೊದಲ್ರೀ."