ಮಸೀದಿಗೆ ಕೊಟ್ಟ ಜಾಮರ್

ಮೊಬೈಲ್ ಸಿಗ್ನಲ್ ತಡೆಯುವ ಜಾಮರ್ ಪೆಟ್ಟಿಗೆಯನ್ನು ಜೊಲ್ದೊಷ್ ತಾನೇ ಏಣಿ ಹತ್ತಿ ಮಸೀದಿಯ ಗೋಡೆಗೆ ಬಿಗಿದ. ಮೊದಲ ಸಾಲಿನಲ್ಲಿ ಕಸಿಮ್ ಕೂರುವ ಜಾಗದ ನೆತ್ತಿಗೆ ಸರಿಯಾಗಿ. ಯಾರೂ ಆರಿಸದಂತೆ ಕಬ್ಬಿಣದ ಗೂಡು ಹಾಕಿ ಬೀಗ ಜಡಿದ. ನಮಾಜಿನ ನಡುವೆ ಇನ್ನು ಮೊಬೈಲ್ ಬಡಿದುಕೊಳ್ಳುವುದಿಲ್ಲವೆಂದು ಇಮಾಮರು ಬಾಯ್ತುಂಬ ಹರಸಿದರು. ನಾರಿನ್ ಪಟ್ಟಣದ ಆ ಓಣಿಯಲ್ಲೆಲ್ಲ ಅವನ ಶ್ರದ್ಧೆಯದೇ ಮಾತು.

ಶ್ರದ್ಧೆಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಕಸಿಮ್ ಅವನ ಸತ್ತ ಹೆಂಡತಿಯ ಅಣ್ಣ. ಎದೆನೋವೆಂದು ನರಳಿದವಳನ್ನು ಡಾಕ್ಟರಿಗೆ ತೋರಿಸದೆ ನೀನೇ ಕೊಂದೆ ಎಂದು ಹೆಣದ ಮುಂದೆಯೇ, ಊರೆಲ್ಲ ಕೇಳುವಂತೆ ಅಂದಿದ್ದ. ಆ ಮಾತು ಜೊಲ್ದೊಷ್‌ಗೆ ಇನ್ನೂ ಅರಗಿರಲಿಲ್ಲ.

ಈ ವಸಂತದಲ್ಲಿ ಕಸಿಮ್ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಬಂದು, ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದ್ದಾರೆಂದು ಚಹಾದಂಗಡಿಯಲ್ಲಿ ತಾನೇ ಹೇಳಿಕೊಂಡ. ಬಲವಾದ ರೇಡಿಯೊ ಅಲೆ ತಾಗಿದರೆ ಆ ಯಂತ್ರ ದಾರಿ ತಪ್ಪೀತೆಂದು ಜೊಲ್ದೊಷ್ ಅಲ್ಲಿ ಇಲ್ಲಿ ಕೇಳಿ ತಿಳಿದುಕೊಂಡ.

ಕಸಿಮ್‌ನ ಜೊತೆಗೆ ಹೋದವನು ಜೊಲ್ದೊಷ್‌ನ ಮಗ ತಿಲೆಕ್. ತಂಗಿಯ ಮಗ ಕೇಳಿದ್ದನ್ನು ಸೋದರಮಾವ ಇಲ್ಲವೆನ್ನುವ ಹಾಗಿಲ್ಲ, ಅದು ರೂಢಿ. ಮಾವ ಕರೆದಲ್ಲಿಗೆ ಅಳಿಯ ಓಡುವುದು ಯಾವ ರೂಢಿಯೆಂದು ಜೊಲ್ದೊಷ್ ಉರಿದುಬಿದ್ದ. ಬಂದ ಮೇಲೆ ಮಗ ಗುದ್ದಾಟದ ಕೊಕ್‌ಬೊರು ಆಟಕ್ಕೆ ಕುದುರೆ ಹತ್ತಲಿಲ್ಲ. ಮಸೀದಿಯಲ್ಲೂ ಚಪ್ಪಲಿ ಬಿಡುವ ಕಡೆಯ ಕೊನೆಯ ಸಾಲು ಹಿಡಿದ.

ಕಸಿಮ್ ಮಾತ್ರ ವಾರವಾರವೂ ಪೆಟ್ಟಿಗೆಯ ಕೆಳಗೇ ಗುಂಡುಕಲ್ಲಿನ ಹಾಗೆ ಕೂತ. ಜೊಲ್ದೊಷ್ ಹಲ್ಲು ಕಡಿದ.

ಆ ಶುಕ್ರವಾರ ಅವನು ಮಗನ ರೆಟ್ಟೆ ಹಿಡಿದು ಮುಂದಕ್ಕೆಳೆದ. "ಹೆದರುಪುಕ್ಕನ ಹಾಗೆ ಮೂಲೆ ಸೇರ್ಬೇಡ. ನಿನ್ನ ಮುದ್ದಿನ ಮಾವನ ಪಕ್ಕ ನಿಲ್ಲು."

ಹಿರಿಯರ ಎದುರು ತಂದೆಗೆ ಇಲ್ಲವೆನ್ನಲಾಗದೆ ತಿಲೆಕ್ ಮಾವನ ಪಕ್ಕ ಹೋಗಿ ನಿಂತ. ಕಸಿಮ್‌ನ ಮುಖ ಬಿಳಿಚಿತು. ಯಂತ್ರಕ್ಕೆ ಕೊನೆಗೂ ಏಟು ಬಿತ್ತೆಂದು ಹಿಗ್ಗುತ್ತ ಜೊಲ್ದೊಷ್ ಸಾಲಿನ ಇನ್ನೊಂದು ತುದಿಗೆ ಹೋಗಿ ನಿಂತ.

ಎಲ್ಲರೂ ಹಣೆಯನ್ನು ನೆಲಕ್ಕೆ ಹಚ್ಚಿದ್ದಾಗ ಪೆಟ್ಟಿಗೆಯ ಕೆಳಗೆ ಯಾರೋ ದೊಪ್ಪೆಂದು ಉರುಳಿದ ಸದ್ದಾಯಿತು. ಜೊಲ್ದೊಷ್ ತಲೆ ಎತ್ತಲಿಲ್ಲ. ಜನ ಮುತ್ತಿದರು. ಆಂಬುಲೆನ್ಸ್ ಕರೆಯಲೆಂದು ತೆಗೆದ ಫೋನುಗಳಲ್ಲಿ ಸಿಗ್ನಲ್ ಇಲ್ಲ. ಇಮಾಮರು ಓಡಿಬಂದು ಗೂಡಿನ ಬೀಗದ ಕೈ ಕೇಳಿದರು. ಜೇಬಿನಲ್ಲಿದ್ದುದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಜೊಲ್ದೊಷ್ ಅದನ್ನು ಮನೆಯಲ್ಲಿ ಬಿಟ್ಟು ಬಂದೆನೆಂದ. ತರಲು ಅವಸರವನ್ನೂ ಮಾಡಲಿಲ್ಲ. ಅವನಿಗೆ ಹೊಟ್ಟೆ ತಣ್ಣಗಾಗಿತ್ತು.

ಗುಂಪು ಸೀಳಿಕೊಂಡು ಬಂದು ಅವನ ಕೊರಳಪಟ್ಟಿ ಹಿಡಿದವನು ಕಸಿಮ್.

"ಬೀಗದ ಕೈ ಕೊಡು, ಭಾವ. ನಿನಗೆ ಹೇಳ್ಬೇಡ ಅಂತ ಅವನು ಮಾತು ತಗೊಂಡಿದ್ದ, ಅದಕ್ಕೇ ನನ್ನದು ಅಂದೆ. ಯಂತ್ರ ಇರೋದು ತಿಲೆಕ್‌ನ ಎದೇಲಿ."